ಅಪ್ಪಯ್ಯನ ಎಕ್ಸ್‌ಟ್ರಾ ಪ್ಲೇಟು

ಗ್ಯಾರೇಜಿಗೆ ಹೋದ ಗಾಡಿ ಪೂರ್ತಿ ವಾಪಸ್ ಬರುವುದಿಲ್ಲ ಎಂದು ನಂಬಿದ ಅಪ್ಪಂದಿರ ಒಂದು ತಳಿಯೇ ಮಲೆನಾಡಿನಲ್ಲಿದೆ. ಮೆಕ್ಯಾನಿಕ್ ಎಂದರೆ ಅವರ ಲೆಕ್ಕದಲ್ಲಿ ಒಳ್ಳೆ ಪಾರ್ಟು ಬಿಚ್ಚಿಟ್ಟುಕೊಂಡು, ಹಳೇದನ್ನು ಒರೆಸಿ ಹಾಕಿ ಬಿಲ್ ಕೊಡುವವ. ಇಂಥವರ ಮನೆಯ ಅಟ್ಟದಲ್ಲಿ ಮೂರು ಹಾರ್ಲಿಕ್ಸ್ ಬಾಟಲಿ ತುಂಬ ನಟ್ಟು-ಬೋಲ್ಟು ಇರುತ್ತವೆ. ಯಾವುದರದ್ದು ಎಂದು ಕೇಳಬಾರದು. ಒಂದಿಷ್ಟು ಪಂಪ್‌ಸೆಟ್ಟಿನವು, ಒಂದಿಷ್ಟು ಅಜ್ಜನ ಸೈಕಲ್ಲಿನವು, ಉಳಿದವು ಹಿಂದಿನ ಸಲದ ರಿಪೇರಿಯಲ್ಲಿ ಮಿಕ್ಕಿದವು.

ನಮ್ಮ ಅಪ್ಪಯ್ಯ ಆ ತಳಿಯ ಬೀಜದ ಹೋರಿ. ನಮ್ಮದು ಓಮ್ನಿ. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು, 1988ರಲ್ಲಿ ಹೆಸರು ಬದಲಿಸಿಕೊಂಡು, 2019ರವರೆಗೂ ತಯಾರಾದ ಈ ಗಾಡಿ ನಮ್ಮ ಕಡೆ ಕಾರೂ ಹೌದು, ಲಾರಿಯೂ ಹೌದು, ಹೆರಿಗೆಗೆ ಆಂಬುಲೆನ್ಸೂ ಹೌದು. ಎಂಜಿನ್ 796 ಸಿಸಿ, ಅದೂ ಮುಂದಿನ ಸೀಟಿನಡಿ. ಹಿಂದುಗಡೆ ಮಾತ್ರ ಲಾರಿಯ ಥರ ಕಮಾನು ಪ್ಲೇಟು. ಅಪ್ಪಯ್ಯ ಬಗ್ಗಿ ಅದನ್ನು ನೋಡಿದವರೇ, "ಇದು ಲಾರಿನೇ ಮಾರಾಯ" ಎಂದು ಆ ವರ್ಷವೇ ಎಂಟು ಮೂಟೆ ಅಡಿಕೆ ಹೇರಿದರು. ಮಳೆಗಾಲದ ಒಂದು ಗುಂಡಿಯಲ್ಲಿ ಎಡಗಡೆಯ ಪ್ಲೇಟು ಲಟಕ್ಕೆಂದಿತು.

ಗುಜರಿಯಿಂದ ಒಂದು ಪ್ಲೇಟಿನ ಬದಲು ಮೂರು ಬಂದವು. ಒಂದು ಮುರಿದದ್ದಕ್ಕೆ, ಉಳಿದೆರಡು ಎಡಕ್ಕೊಂದು ಬಲಕ್ಕೊಂದು, ಮರ್ಯಾದೆಗೆ. ಯು-ಬೋಲ್ಟಿನ ನಟ್ಟುಗಳಿಗೆ ರಾತ್ರಿಯೇ ಸೀಮೆಎಣ್ಣೆ ಕುಡಿಸಿದ್ದಾಯಿತು. ಬೆಳಿಗ್ಗೆ ಜಾಕಿ ಎತ್ತಿ, ಹಲಸಿನ ಕೊರಡು ಕೊಟ್ಟು, ಮೇಲಿಂದ ಸ್ಟೆಪ್ನಿಯನ್ನೂ ಗಾಡಿಯಡಿ ತಳ್ಳಿದರು. ಜಗತ್ತಿನಲ್ಲಿ ಅಪ್ಪಯ್ಯ ನಂಬದ ಎರಡನೆಯ ವಸ್ತು ಜಾಕಿ. ಈ ಒಂದು ವಿಷಯದಲ್ಲಿ ಅವರನ್ನು ಯಾರೂ ಆಡಿಕೊಳ್ಳುವಂತಿಲ್ಲ.

ನನ್ನ ಹುದ್ದೆ ಬ್ಯಾಟರಿ ಹಿಡಿಯುವುದು. ಬೋಲ್ಟಿಗೂ ಬೆಳಕಿಗೂ ನಡುವೆ ಅಪ್ಪಯ್ಯನ ತಲೆ.

"ಎಲ್ಲಿ ಬಿಡ್ತಾ ಇದೀಯ ಬೆಳಕು?"

"ನಿಮ್ಮ ತಲೆ ಅಡ್ಡ ಇದೆ ಅಪ್ಪಯ್ಯ."

"ತಲೆ ಇದ್ದಿದ್ದಕ್ಕೇ ಈ ಕೆಲಸ ಮಾಡ್ತಿರೋದು. ಹನ್ನೆರಡರ ಪಾನಾ ಕೊಡು. ಇದಲ್ಲ. ಇದೇ, ಆದ್ರೆ ಇನ್ನೊಂದು."

ಪ್ಲೇಟು ಕೂತಿತು, ರಬ್ಬರ್ ಬುಷ್ ಕೂರಲಿಲ್ಲ. ಗ್ರೀಸು ಬಳಿದದ್ದಾಯಿತು, ಸುತ್ತಿಗೆಯಲ್ಲಿ ಬಡಿದದ್ದಾಯಿತು, ಬುಷ್ ಮಾಡಿದವನ ವಂಶವನ್ನು ಮೂರು ತಲೆಮಾರಿನವರೆಗೆ ನೆನೆದದ್ದಾಯಿತು. ಬಟ್ಟೆ ಒಗೆಯುತ್ತಿದ್ದ ಅಮ್ಮ ಸೋಪಿನ ಬಕೆಟ್ಟು ಹಿಡಿದೇ ಬಂದು, "ಬಳೆ ತೊಡಿಸೋದು ನೋಡಿಲ್ವಾ ನೀವು?" ಎಂದು ಬುಷ್ಷನ್ನು ಬುರುಗು ನೀರಿನಲ್ಲಿ ಅದ್ದಿ, ಎರಡು ಸಲ ತಿರುವಿ, ಹೆಬ್ಬೆರಳಲ್ಲಿ ಒತ್ತಿದರು. ಸುಮ್ಮನೆ ಜಾರಿ ಕೂತಿತು. ಗ್ರೀಸು ತಾಗಿದರೆ ರಬ್ಬರು ಉಬ್ಬಿ ಹಾಳಾಗುತ್ತದೆ, ಸೋಪಿನ ನೀರೇ ಸರಿ ಎಂದು ಆಮೇಲೆ ಗೊತ್ತಾಯಿತು. ಅಪ್ಪಯ್ಯನ ಷರಾ ಬೇರೆ: "ನಾನು ಬಡಿದು ಮೆತ್ತಗೆ ಮಾಡಿದ್ದಕ್ಕೆ ಹೋಯ್ತು."

ಮಿಕ್ಕಿದ ಎರಡು ನಟ್ಟು ಹಾರ್ಲಿಕ್ಸ್ ಬಾಟಲಿ ಸೇರಿದವು.

ಜಾಕಿ ಇಳಿಸಿದರೂ ಗಾಡಿ ಇಳಿಯಲಿಲ್ಲ. ಬಾಲ ಎತ್ತಿದ ಕರುವಿನಂತೆ ಅಂಗಳದಲ್ಲಿ ನಿಂತಿತು. ರಾತ್ರಿ ಹೆಡ್‌ಲೈಟು ಹಾಕಿದರೆ ರಸ್ತೆ ಕಾಣುವುದಿಲ್ಲ, ಬಂಪರಿನ ಮುಂದಿನ ಇರುವೆ ಕಾಣುತ್ತದೆ. ಎಂಟು ಮೂಟೆ ಹೇರಿದರೆ ದೋಣಿಯ ಹಾಗೆ ತೇಲುತ್ತದೆ, ಅದು ಸುಳ್ಳಲ್ಲ. ಖಾಲಿ ಹೋದರೆ ಪ್ರತಿ ಹಂಪಿಗೂ ಅಜ್ಜಿಯ ತಲೆ ಟಾಪಿಗೆ ತಾಗಿ, ಅಜ್ಜಿ ಅಪ್ಪಯ್ಯನನ್ನು ಅವರ ಬಾಲ್ಯದ ಹೆಸರು ಹಿಡಿದು ಕರೆಯುತ್ತಾರೆ.

ಪ್ಲೇಟು ತೆಗೆಯೋಣ ಎಂದರೆ ಅಪ್ಪಯ್ಯ ಒಪ್ಪಲಿಲ್ಲ. ತೂಕ ಕಮ್ಮಿ ಇರುವುದು ಗಾಡಿಯ ತಪ್ಪಲ್ಲವಂತೆ. ಹಾಗಾಗಿ ಈಗ ಮದುವೆ-ಮುಂಜಿಗೆ ಹೊರಟಾಗೆಲ್ಲ ಹಿಂದೆ ಎರಡು ಮೂಟೆ ಮರಳು ಹಾಕಿಕೊಂಡು ಹೋಗುತ್ತೇವೆ. ದಾರಿಯಲ್ಲಿ ಸಿಕ್ಕರೆ ಸಂಕೋಚ ಬೇಡ, ಕೈ ಅಡ್ಡ ಹಿಡಿಯಿರಿ. ನೀವು ಹತ್ತಿದರೆ ಒಂದು ಮೂಟೆ ಇಳಿಸುತ್ತೇವೆ.