ಚಳಿಗಾಲದಲ್ಲಿ ಶಾಲೆಗೆ ರಜೆ ಪಡೆಯುವ ವಿಧಾನ

(ದಬ್ಬೇಘಟ್ಟ ಹೋಬಳಿಯ ವಿದ್ಯಾರ್ಥಿಗಳ ಉಪಯೋಗಕ್ಕೆ)

ಬೇಕಾಗುವ ಸಾಮಗ್ರಿ: ಬಂಗಾಳ ಕೊಲ್ಲಿ, ಅದರಲ್ಲೊಂದು ವಾಯುಭಾರ ಕುಸಿತ, ಜಿಲ್ಲಾಧಿಕಾರಿಗಳ ಆದೇಶ, ಚಾರ್ಜ್ ಇರುವ ಮೊಬೈಲ್.

1. ಚಳಿಯನ್ನು ನಂಬಬೇಡಿ. ದೆಹಲಿ, ಪಂಜಾಬ್, ಉತ್ತರ ಪ್ರದೇಶದ ಮಕ್ಕಳಿಗೆ ಜನವರಿಯ ಚಳಿಗೇ ರಜೆ ಸಿಗುತ್ತದೆ. ನಮ್ಮಲ್ಲಿ ತೆಂಗಿನ ಗರಿಯಿಂದ ತೊಟ್ಟಿಕ್ಕುವ ಇಬ್ಬನಿಗೆ ತಲೆ ನೆನೆದರೂ ಹೊತ್ತಿಗೆ ಸರಿಯಾಗಿ ಪ್ರಾರ್ಥನೆಗೆ ನಿಲ್ಲಲೇಬೇಕು. ಸ್ವೆಟರ್ ಹಾಕಿಕೊಳ್ಳಿ.

2. ಸೈಕ್ಲೋನ್‌ಗೆ ಕಾಯಿರಿ. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಮುಟ್ಟಿದ ಫೆಂಗಲ್, ಡಿಸೆಂಬರ್ ಮೊದಲ ವಾರ ಕೊಡಗು, ದಕ್ಷಿಣ ಕನ್ನಡದ ಶಾಲೆಗಳ ಬಾಗಿಲು ಹಾಕಿಸಿತು. ಮಳೆಗಾಲ ಮುಗಿದ ಮೇಲೂ ರಜೆ ಕೊಡಬಲ್ಲ ಸಮುದ್ರ ಬಂಗಾಳ ಕೊಲ್ಲಿಯೊಂದೇ ಎಂಬಂತೆ ಅದರ ಮೇಲೆ ಭಕ್ತಿ ಇರಲಿ.

3. ಬಣ್ಣ ಗುರುತಿಸಿ. ದಿನಕ್ಕೆ 64.5 ಮಿ.ಮೀ. ಮುಟ್ಟಿದರೆ ಹವಾಮಾನ ಇಲಾಖೆ ‘ಭಾರಿ ಮಳೆ’ ಅನ್ನುತ್ತದೆ, 115.6 ಮುಟ್ಟಿದರೆ ‘ಅತಿ ಭಾರಿ’. ಇಲಾಖೆಯ ಹಳದಿ ಅಲರ್ಟ್‌ಗೆ ಛತ್ರಿ ಹಿಡಿದು ಹೊರಡಿ. ಕಿತ್ತಳೆಗೆ ಹೋಂವರ್ಕ್ ಅರ್ಧಕ್ಕೆ ನಿಲ್ಲಿಸಿ ನೋಡಬಹುದು. ಕೆಂಪಿಗೆ ಪುಸ್ತಕ ಮುಚ್ಚಿ.

4. ಆದೇಶ ಪರೀಕ್ಷಿಸಿ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು; ರಜೆಯ ಆದೇಶ ಬರುವುದು ಅವರಿಂದ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕಾಗದದ ಜಿಲ್ಲೆ, ತಾರೀಖು, ಮುಖ್ಯವಾಗಿ ವರ್ಷ ನೋಡಿ. ಹೋದ ವರ್ಷದ ಆದೇಶಕ್ಕೆ ಮನೆಯಲ್ಲಿ ಉಳಿದವರು ಮಾರನೇ ದಿನ ಹೆಡ್‌ಮಾಸ್ಟರ್ ಮುಂದೆ ನಿಂತಿರುತ್ತಾರೆ. ಅಸಲಿ ಆದೇಶದ ಗುರುತು: ಅದು ನೀವು ಬಸ್ಸು ಹತ್ತಿದ ಮೇಲೆ ಬರುತ್ತದೆ.

5. ಮನೆಯಲ್ಲಿ ಕುಣಿಯಬೇಡಿ. ಅದೇ ಹೊತ್ತಿಗೆ ಕೊಯ್ದ ರಾಗಿ ಹೊಲದಲ್ಲಿ ಬಿದ್ದಿರುತ್ತದೆ. ನೆನೆದರೆ ತೆನೆಯಲ್ಲೇ ಮೊಳಕೆ; ಹುಲ್ಲು ಕಪ್ಪಾದರೆ ದನವೂ ಮೂಸುವುದಿಲ್ಲ. “ಸ್ಕೂಲಿಲ್ವಾ? ಬಾ ಮಗ, ಟಾರ್ಪಾಲ್ ತುದಿ ಹಿಡ್ಕೊ” ಎಂದು ಅಪ್ಪ ಕರೆದರೆ ಮಾತಾಡದೆ ಹೋಗಿ. ಆಮೇಲೆ ಅಟ್ಟ ಹತ್ತಿ, ಹೆಂಚು ಸೋರುವಲ್ಲಿ ಪಾತ್ರೆ ಇಡಿ. ಅಲ್ಲಿ ತಿಂಗಳುಗಟ್ಟಲೆ ಒಣಗಿದ ಕೊಬ್ಬರಿಗೆ ಬೂಷ್ಟು ಹಿಡಿದರೆ ತಿಪಟೂರಿನ ಹರಾಜಿನಲ್ಲಿ ಕೇಳುವವರಿಲ್ಲ.

ಎಚ್ಚರಿಕೆ: ಈ ರಜೆಯನ್ನು ಶನಿವಾರ ಮಧ್ಯಾಹ್ನವೋ ಭಾನುವಾರವೋ ಕ್ಲಾಸು ನಡೆಸಿ ವಸೂಲು ಮಾಡುತ್ತಾರೆ. ನೆನೆದ ರಾಗಿಯ ನಷ್ಟ ತುಂಬಿಕೊಡುವ ಶನಿವಾರ ಮಾತ್ರ ಯಾವ ಕ್ಯಾಲೆಂಡರಿನಲ್ಲೂ ಇಲ್ಲ. ಹಾಗಾಗಿ ಮಳೆ ರಜೆಗೆ ಹರಕೆ ಹೊರುವವರು ಮೆದೆ ಒಟ್ಟುವ ತನಕ ತಡೆದುಕೊಳ್ಳಿ.