ಅಟ್ಟದ ಮೇಲಿನ ವೈನು

ತಿಪಟೂರಿನಿಂದ ಅಪ್ಪ ಅಮ್ಮ ಇಂಗ್ಲೆಂಡಿನ ರೆಡಿಂಗ್ ಊರಿನ ನಮ್ಮ ಮನೆಗೆ ಬಂದು ಮೂರು ವಾರವಾಗಿತ್ತು. ಅಲ್ಲಿಯತನಕ ಬೀರುವಿನಲ್ಲಿ ತಲೆಮರೆಸಿಕೊಂಡಿದ್ದ ಬಾಟಲಿ ಒಂದು ಶನಿವಾರ ಸಿಕ್ಕಿಬಿತ್ತು. ಸ್ವೆಟರ್ ಹುಡುಕಲು ಹೋದ ಅಮ್ಮ ಅದರ ಕತ್ತು ಹಿಡಿದು ಹಾಲಿಗೆ ತಂದಳು.

"ಏನೋ ಇದು?"

"ವೈನ್ ಕಣಮ್ಮ. ಸ್ಪೇನಿನಲ್ಲಿ ರಿಯೋಹ ಅಂತ ಒಂದು ಸೀಮೆ ಇದೆ, ಅಲ್ಲೀದು. 2016ರ ದ್ರಾಕ್ಷಿ."

"2016ರದಾ? ಹಳಸಿಹೋಗಿರುತ್ತೆ, ಚೆಲ್ಲು."

ಹಳೆಯದಕ್ಕೂ ಹಳಸಿದ್ದಕ್ಕೂ ಇರುವ ವ್ಯತ್ಯಾಸಕ್ಕೇ ನಾನು 12 ಪೌಂಡ್ ಕೊಟ್ಟಿದ್ದು ಎನ್ನುವ ಧೈರ್ಯವಾಗಲಿಲ್ಲ. ಪೌಂಡನ್ನು ರೂಪಾಯಿ ಮಾಡುವುದರಲ್ಲಿ ಅಮ್ಮನ ಬಾಯಿಲೆಕ್ಕ ಬ್ಯಾಂಕಿಗಿಂತ ಚುರುಕು. ಮಾತು ಮರೆಸಲು ಲೇಬಲ್ ಓದತೊಡಗಿದೆ. ರಿಯೋಹದಲ್ಲಿ ಕೆಂಪು ವೈನಿಗೆ ದರ್ಜೆಗಳಿವೆ. ಕ್ರಿಯಾನ್ಸ ಎಂದರೆ ಎರಡು ವರ್ಷ ಮಾಗಿದ್ದು, ರಿಸರ್ವ ಎಂದರೆ ಮೂರು. ಇದು ಗ್ರಾನ್ ರಿಸರ್ವ. ಕಡಿಮೆಯೆಂದರೂ ಐದು ವರ್ಷ, ಅದರಲ್ಲಿ ಎರಡು ವರ್ಷ ಓಕ್ ಮರದ ಪೀಪಾಯಿಯಲ್ಲೇ ಕೂತಿರಬೇಕು.

"ನಮಗೂ ಇಲ್ಲಿ ಕಾಯಂ ಆಗೋಕೆ ಐದು ವರ್ಷ ಹಿಡೀತು ಅತ್ತೆ," ಎಂದಳು ಹೆಂಡತಿ. ನಾವು ವೀಸಾಕ್ಕೆ ಕಟ್ಟಿದ ದುಡ್ಡು ನೆನೆದರೆ ದ್ರಾಕ್ಷಿಯ ಹಣೆಬರಹವೇ ವಾಸಿ.

ಗುಟ್ಟು ರಟ್ಟಾದ ಮೇಲೆ ಮುಚ್ಚುಮರೆ ಯಾಕೆ? ಗಸಿ ಇಳಿಯಲೆಂದು ಬಾಟಲಿಯನ್ನು ಸಂಜೆಯವರೆಗೂ ಅಲುಗಿಸದೆ ನಿಲ್ಲಿಸಿದೆ. ಆಮೇಲೆ ಬಿರಡೆ ಕಿತ್ತು ಎರಡು ಗಾಜಿನ ಲೋಟಕ್ಕೆ ಬಗ್ಗಿಸಿದೆ. ಅಪ್ಪ ಪೇಪರಿನಿಂದ ತಲೆಯೆತ್ತದೆ, "ನನಗೆ ಸ್ಟೀಲ್ ಲೋಟದಲ್ಲೇ ಇರಲಿ. ಮೈಕೈ ನೋವಿಗೆ ಒಳ್ಳೇದಂತೆ," ಎಂದರು. ಮೈಕೈ ನೋವು ನಮಗೆ ಗೊತ್ತಾಗಿದ್ದೇ ಆಗ.

ಲೋಟ ಓರೆಮಾಡಿ ನೋಡಿದೆ. ಅಂಚಿನಲ್ಲಿ ಇಟ್ಟಿಗೆ ಬಣ್ಣ, ಚೆನ್ನಾಗಿ ಮಾಗಿದ ಗುರುತು. ಮೂಗಿಟ್ಟೆ. ಒಣ ಚೆರಿ, ಚರ್ಮ, ಹೊಗೆಸೊಪ್ಪು ಇವೆಲ್ಲ ಬರಬೇಕೆಂದು ಬಾಟಲಿಯ ಬೆನ್ನ ಮೇಲೆ ಬರೆದಿತ್ತು. ನನಗೆ ಬಂದದ್ದು ಇಂಗು. ಮಧ್ಯಾಹ್ನದ ಸಾರಿನ ಒಗ್ಗರಣೆ ಇನ್ನೂ ಪರದೆಗಳಲ್ಲೇ ನೇತಾಡುತ್ತಿತ್ತು. ಅದರೆದುರು ಸ್ಪೇನಿನ ಯಾವ ದ್ರಾಕ್ಷಿಯ ಆಟ ನಡೆದೀತು!

ಅಪ್ಪ ಒಂದು ಗುಟುಕು ಹೀರಿ, ನಾಲಗೆ ಚಪ್ಪರಿಸಿ, "ಒಗರು. ಎಳೆ ಅಡಿಕೆ ಜಗಿದ ಹಾಗೆ," ಎಂದರು. ಆ ಒಗರಿಗೆ ಕಾರಣವಾದ ಟ್ಯಾನಿನ್ ಬಗ್ಗೆ ನಾನು ನೋಡಿದ್ದ ನಲವತ್ತು ನಿಮಿಷದ ವಿಡಿಯೊ ಅಲ್ಲಿಗೆ ದಂಡವಾಯಿತು.

"ಕುಡಿಯಲ್ಲ, ಮೂಸಿ ನೋಡ್ತೀನಿ ಅಷ್ಟೇ," ಎಂದು ಅಮ್ಮ ನನ್ನ ಲೋಟ ತೆಗೆದುಕೊಂಡಳು. ಕಣ್ಣು ಮುಚ್ಚಿದಳು. ಅರೆಕ್ಷಣವೂ ಆಗಿಲ್ಲ:

"ಕೊಬ್ಬರಿ."

ನಾನು ನಕ್ಕೆ. ಹೆಂಡತಿ ಫೋನಿನಲ್ಲಿ ಹುಡುಕಿ ನನ್ನ ನಗು ನಿಲ್ಲಿಸಿದಳು. ರಿಯೋಹದವರು ಹಿಂದಿನಿಂದಲೂ ಹೆಚ್ಚಾಗಿ ಬಳಸುವುದು ಅಮೆರಿಕದ ಓಕ್ ಪೀಪಾಯಿ. ಆ ಮರ ವೈನಿಗೆ ವೆನಿಲಾದ ಜೊತೆ ತೆಂಗಿನ ವಾಸನೆಯನ್ನೂ ಬಿಟ್ಟುಕೊಡುತ್ತದಂತೆ.

"ನಾನು ತಿಪಟೂರಿನವಳು ಕಣೋ," ಎಂದಳು ಅಮ್ಮ. ಅಷ್ಟಕ್ಕೇ ಬಿಡಲಿಲ್ಲ. ಬಲಿತ ಕಾಯಿ ಅಟ್ಟಕ್ಕೇರಿಸುವುದು, ಹತ್ತು ಹನ್ನೊಂದು ತಿಂಗಳು ಅದರ ತಂಟೆಗೆ ಹೋಗದಿರುವುದು, ಒಳಗಿನ ನೀರು ತಾನಾಗಿ ಇಂಗಿ ಉಂಡೆ ಕೊಬ್ಬರಿ ಚಿಪ್ಪು ಬಿಡುವುದು, ಆತುರಕ್ಕೆ ಬಿದ್ದು ಒಡೆದ ನಮ್ಮ ಚಿಕ್ಕಪ್ಪ ಮಂಡಿಯಲ್ಲಿ ಮಾನ ಕಳೆದುಕೊಂಡದ್ದು, ಎಲ್ಲ ಬಂತು. "ಐದು ವರ್ಷ ಇಟ್ಟಿದ್ದಾರಾ? ತಾಳ್ಮೆ ಇರೋ ಜನ," ಎಂದು ಸ್ಪೇನಿನವರಿಗೂ ಒಂದು ಸರ್ಟಿಫಿಕೇಟು ಸಿಕ್ಕಿತು.

ಅಪ್ಪ ಮೆಲ್ಲಗೆ ಖಾಲಿ ಲೋಟ ಮುಂದೆ ಚಾಚಿದರು. "ಕೊಬ್ಬರಿ ನನಗೆ ಗೊತ್ತಾಗಲೇ ಇಲ್ಲ. ಇನ್ನೊಂಚೂರು ಹಾಕು, ನೋಡೋಣ."

ಅಮ್ಮ ನನಗಿಂತ ಮೊದಲೇ ಬಾಟಲಿ ಎತ್ತಿಕೊಂಡು, ಬಿರಡೆ ಒತ್ತಿ, ಕಿವಿಯ ಹತ್ತಿರ ಹಿಡಿದು ಚೆನ್ನಾಗಿ ಅಲ್ಲಾಡಿಸಿದಳು. ದಿನವಿಡೀ ಇಳಿದಿದ್ದ ಗಸಿಯೆಲ್ಲ ಮೇಲೆದ್ದಿತು.

"ಒಳಗಿನ್ನೂ ನೀರಿನ ಸದ್ದಿದೆ," ಎಂದಳು. "ಇದು ಆಗಿಲ್ಲ."

ಬಾಟಲಿ ಮತ್ತೆ ಸ್ವೆಟರುಗಳ ಹಿಂದೆ ಹೋಯಿತು.