ಮತ್ಸ್ಯಕುಂಡ ಶೋಧನ ಮೀಮಾಂಸೆ

ಮೀನು ಸಾಕುವ ವಿದ್ಯೆಯ ಇತಿಹಾಸವನ್ನು ಬರೆಯಹೊರಟವನು ಮನುವನ್ನು ಬಿಟ್ಟು ಆರಂಭಿಸಲಾರನು. ಕೈತೊಳೆಯುವ ನೀರಿನಲ್ಲಿ ಸಿಕ್ಕಿದ ಮರಿಮೀನನ್ನು ಆತನು ಮೊದಲು ಗಡಿಗೆಯಲ್ಲಿಯೂ, ಅದು ಸಾಲದಾದಾಗ ಹೊಂಡದಲ್ಲಿಯೂ, ಅದೂ ಸಾಲದಾದಾಗ ಸಮುದ್ರದಲ್ಲಿಯೂ ಬಿಟ್ಟನೆಂದು ಶತಪಥ ಬ್ರಾಹ್ಮಣವು ಹೇಳುತ್ತದೆ; ಮೀನು ಬೆಳೆಬೆಳೆದು ದೊಡ್ಡದಾದದ್ದೇ ಈ ಸ್ಥಳಾಂತರಗಳಿಗೆ ಕಾರಣವೆಂದು ಎಲ್ಲರೂ ನಂಬಿಕೊಂಡು ಬಂದಿದ್ದಾರೆ. ಹಿತ್ತಲಿನಲ್ಲಿ 6 ಅಡಿ ಉದ್ದ, 4 ಅಡಿ ಅಗಲ, 2 ಅಡಿ ಆಳದ ಸಿಮೆಂಟಿನ ತೊಟ್ಟಿಯನ್ನು ಕಟ್ಟಿಸಿ 11 ಚಿನ್ನದ ಮೀನುಗಳನ್ನು ಸಾಕತೊಡಗಿದ ನನಗೆ ಈ ಅರ್ಥವು ಸಮ್ಮತವಲ್ಲ. ಗಡಿಗೆಯ ನೀರು ಕೆಟ್ಟಿತು, ಹೊಂಡದ ನೀರೂ ಕೆಟ್ಟಿತು, ಬೇಸತ್ತ ಮನುವು ತೊಳೆಯುವ ತಾಪತ್ರಯವಿಲ್ಲದ ಸಮುದ್ರಕ್ಕೆ ಅದನ್ನು ಸಾಗಹಾಕಿದನೆಂಬುದೇ ನನ್ನ ಸಿದ್ಧಾಂತ.

ಈಗ ಕೆಡುವುದೆಂದರೇನೆಂಬುದನ್ನು ವಿಚಾರಿಸೋಣ. ನೀರು ತಿಳಿಯಾಗಿರುವುದು ಬೇರೆ, ಶುದ್ಧವಾಗಿರುವುದು ಬೇರೆ. ನನ್ನ ತೊಟ್ಟಿಯ ನೀರು ತಳದ ಗಾರೆಯ ಬಿರುಕು ಕಾಣುವಷ್ಟು ನಿರ್ಮಲವಾಗಿದ್ದ ಮೊದಲ ವಾರದಲ್ಲಿಯೇ ಮೂರು ಮೀನುಗಳು ಹೊಟ್ಟೆ ಮೇಲಾಗಿ ತೇಲಿ ಈ ಭೇದವನ್ನು ನನಗೆ ಬೋಧಿಸಿದವು. ಮೀನು ತನ್ನ ಕಿವಿರುಗಳಿಂದ ಹೊರಬಿಡುವ ಅಮೋನಿಯಾಕ್ಕೆ ಬಣ್ಣವಿಲ್ಲ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟನ್ನಾಗಿಯೂ, ಇನ್ನೊಂದು ಬಗೆಯವು ನೈಟ್ರೈಟನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟನ್ನಾಗಿಯೂ ಮಾರ್ಪಡಿಸುತ್ತವೆಂದು ರಷ್ಯದ ವಿಜ್ಞಾನಿ ವಿನೋಗ್ರಾಡ್‌ಸ್ಕಿಯು 1890ರ ಸುಮಾರಿಗೆ ತೋರಿಸಿಕೊಟ್ಟನು. ಹೊಸ ತೊಟ್ಟಿಯಲ್ಲಿ ಈ ಪ್ರಜೆಗಳು ಒಕ್ಕಲಾಗಲು ನಾಲ್ಕಾರು ವಾರಗಳು ಹಿಡಿಯುತ್ತವೆ. ನಾನು ಮೀನುಗಳನ್ನು ತಂದದ್ದು ಗಾರೆಯನ್ನು ನೆನೆಸಿ ತೊಳೆದ ಮರುದಿವಸವೇ.

ಶೋಧನೆಯ ವಿಷಯದಲ್ಲಿ ನಮ್ಮ ಬೀದಿಯಲ್ಲಿ ಎರಡು ದರ್ಶನಗಳು ಪ್ರಚಲಿತವಾಗಿವೆ. ಪಕ್ಕದ ಮನೆಯವರು ಬಕೆಟ್ಟುವಾದಿಗಳು: ಭಾನುವಾರಕ್ಕೊಮ್ಮೆ ನೀರನ್ನೆಲ್ಲ ಮೊಗೆದು ಚೆಲ್ಲಿ, ತೆಂಗಿನ ನಾರಿನಿಂದ ತೊಟ್ಟಿಯನ್ನು ಉಜ್ಜಿ, ನಲ್ಲಿಯ ನೀರನ್ನು ತುಂಬತಕ್ಕದ್ದೆಂಬುದು ಅವರ ಮತ. ನಲ್ಲಿಯ ನೀರಿನ ಕ್ಲೋರಿನ್ನು ಮೀನಿಗೂ, ವಿನೋಗ್ರಾಡ್‌ಸ್ಕಿಯ ಪ್ರಜೆಗಳಿಗೂ ಸಮಾನವಾಗಿ ಶತ್ರುವೆಂದು ನಾನು ಕಾಂಪೌಂಡಿನ ಮೇಲಿಂದ ಅರ್ಧ ಗಂಟೆ ಖಂಡಿಸಿದರೂ ಅವರು ನಾರನ್ನು ಕೆಳಗಿಡಲಿಲ್ಲ. ನಾನು ಸಸ್ಯವಾದಿ. ನನ್ನ ಪಕ್ಷಕ್ಕೆ ಬೃಹತ್ಸಂಹಿತೆಯ ಆಧಾರವಿದೆ: ಬಾವಿಯ ನೀರನ್ನು ತಿಳಿಗೊಳಿಸಲು ವರಾಹಮಿಹಿರನು ಚಿಲ್ಲದ ಬೀಜದೊಡನೆ ಹೇಳಿದ ದ್ರವ್ಯಗಳಲ್ಲಿ ಉಶೀರವೂ, ಅಂದರೆ ನಮ್ಮ ಲಾವಂಚವೂ, ಸೇರಿದೆ. ಆತನು ಅದನ್ನು ಪುಡಿಮಾಡಿ ಹಾಕೆಂದನೇ ಹೊರತು ನೆಡೆಂದು ಹೇಳಲಿಲ್ಲವೆಂಬ ಆಕ್ಷೇಪಕ್ಕೆ ಅಡಿಟಿಪ್ಪಣಿಯಲ್ಲಿ ಸಮಾಧಾನ ಹೇಳಿದ್ದೇನೆ. ಈ ಪ್ರಬಂಧಕ್ಕೆ ಅಡಿಟಿಪ್ಪಣಿಗಳಿಲ್ಲ. ನೆಟ್ಟು ತೋರಿಸಿದ ಕೀರ್ತಿಯು 1950ರ ದಶಕದಲ್ಲಿ ಜರ್ಮನಿಯಲ್ಲಿ ಜೊಂಡಿನಿಂದ ಕೊಳಚೆನೀರನ್ನು ಶೋಧಿಸುವ ಪ್ರಯೋಗಗಳನ್ನು ನಡೆಸಿದ ಕೇಟೆ ಸೈಡೆಲ್ ಎಂಬ ವಿದುಷಿಗೆ ಸಲ್ಲತಕ್ಕದ್ದು.

ತೊಟ್ಟಿಯ ಪಕ್ಕದಲ್ಲಿ ಅದಕ್ಕಿಂತ ಒಂದು ಗೇಣು ಎತ್ತರಕ್ಕೆ ಇನ್ನೊಂದು ಕಿರುತೊಟ್ಟಿಯನ್ನು ಕಟ್ಟಿಸಿ, ಜಲ್ಲಿ ತುಂಬಿಸಿ, ಬೇರಿನ ಮಣ್ಣನ್ನೆಲ್ಲ ತೊಳೆದ ಕಾಬಾಳೆ, ಬಜೆ, ಲಾವಂಚ, ಕೆಸುಗಳನ್ನು ಅದರಲ್ಲಿ ನೆಟ್ಟೆನು. ಪುಟ್ಟ ಪಂಪೊಂದು ಮೀನಿನ ನೀರನ್ನು ಮೇಲೆತ್ತುವುದು. ಅದು ಜಲ್ಲಿಯ ಸಂದುಗಳಲ್ಲಿ ನುಸುಳಿ, ಬೇರುಗಳನ್ನು ಸವರಿ, ಬಿದಿರಿನ ದೋಣಿಯಿಂದ ಮತ್ತೆ ಕೆಳಗೆ ಬೀಳುವುದು. ತಿಂಗಳು ಕಳೆದ ಮೇಲೆ ಬಜೆಯ ಗಿಡವೊಂದನ್ನು ಕಿತ್ತು ನೋಡಿದೆನು: ಬೇರುಗಳ ಮೇಲೆಲ್ಲ ಕಂದುಬಣ್ಣದ ತೆಳ್ಳನೆಯ ಲೋಳೆ, ಬೆರಳಿಗೆ ಹತ್ತಿದರೆ ಮಳೆ ಬಿದ್ದ ಮಣ್ಣಿನ ವಾಸನೆ. ಆ ರಾಜಧಾನಿಯನ್ನು ಕಂಡು ನಾನು ಕೈಜೋಡಿಸಿದ್ದನ್ನು ಪಕ್ಕದ ಮನೆಯವರು ನೋಡಿದರು.

ಅಂತರಗಂಗೆಯ ಪ್ರಕರಣವನ್ನು ಬಿಡಬಹುದಾಗಿತ್ತು, ಆದರೆ ಶಾಸ್ತ್ರಕಾರನು ಸತ್ಯವನ್ನು ಮರೆಮಾಚಬಾರದು. ಕೆರೆಯಿಂದ ತಂದು ಬಿಟ್ಟ ಒಂದು ಬೊಗಸೆಯು ಎರಡು ತಿಂಗಳೊಳಗೆ ನೀರೇ ಕಾಣದಂತೆ ಹಬ್ಬಿತು. ಒಂದು ಬೆಳಗಿನ ಜಾವ ಮೀನುಗಳೆಲ್ಲ ಎಲೆಗಳ ಸಂದಿನಲ್ಲಿ ಮುಖವೆತ್ತಿ ಒಂದೇ ಲಯದಲ್ಲಿ ಬಾಯಾಡಿಸುತ್ತಿದ್ದುದನ್ನು ಕಂಡು, ಇವು ಬ್ರಾಹ್ಮೀ ಮುಹೂರ್ತದ ಜಪದಲ್ಲಿವೆಯೆಂದು ಟಿಪ್ಪಣಿ ಬರೆದುಕೊಂಡೆನು. ರಾತ್ರಿಯ ಹೊತ್ತು ಗಿಡಗಳೂ ಮೀನಿನಂತೆಯೇ ಆಮ್ಲಜನಕವನ್ನು ಬಳಸುತ್ತವೆ, ಮೇಲೆ ಹೊದಿಕೆ ಹೊದ್ದ ನೀರಿಗೆ ಗಾಳಿಯೂ ತಾಗದು, ಆದುದರಿಂದ ಅದು ಜಪವಲ್ಲ, ಉಸಿರಾಟದ ಸಂಕಟವೆಂಬುದು ತಿಳಿಯುವಷ್ಟರಲ್ಲಿ ಮೀನುಗಳ ಸಂಖ್ಯೆ 7ಕ್ಕೆ ಇಳಿದಿತ್ತು.

ಇನ್ನು ಸಿದ್ಧಾಂತಕ್ಕೇ ಕುತ್ತಾಗಿ ಬಂದ ಪ್ರಶ್ನೆ. ಗಿಡವು ನೀರಿನ ಸಾರಜನಕವನ್ನು ಹೀರಿ ಎಲೆಯಾಗಿಸುವುದೇನೋ ಸರಿ. ಆ ಎಲೆಯು ಹಳದಿಯಾಗಿ, ಬಾಗಿ, ಅದೇ ನೀರಿನಲ್ಲಿ ಬಿದ್ದು ಕೊಳೆತರೆ ಸಾರಜನಕವು ಹೋದ ದಾರಿಯಲ್ಲಿಯೇ ಹಿಂದಿರುಗುವುದಲ್ಲವೆ? ಈ ಪುನರ್ಜನ್ಮದಿಂದ ಬಿಡುಗಡೆ ಯಾವುದೆಂದು ನಾನು ತೊಟ್ಟಿಯ ಕಟ್ಟೆಯ ಮೇಲೆ ಕುಳಿತು ಮೂರು ದಿವಸ ಚಿಂತಿಸುತ್ತಿದ್ದಾಗ, ಮಂಗಳೂರಿನ ಕಡೆಯವಳಾದ ನನ್ನ ಮನೆಯಾಕೆ ಚೂರಿಯೊಡನೆ ಬಂದು ನಿಂತಳು.

"ಎಲೆ ಹಳದಿಯಾಗುವ ತನಕ ಎಂತ ನೋಡ್ತಾ ಕೂತಿದ್ದೀರಿ? ಕೊಯ್ದರೆ ಪತ್ರೊಡೆಯಾದರೂ ಆಗ್ತದೆ."

"ಇದು ಶೋಧನಾಂಗ, ಇದನ್ನು ತಿನ್ನುವುದೇ?"

"ಹುಣಸೆಹುಳಿ ಸರಿಯಾಗಿ ಹಾಕಿದರೆ ಎಂತದೂ ಆಗುವುದಿಲ್ಲ."

ನೆನೆಸಿದ ಅಕ್ಕಿ, ಒಣಮೆಣಸು, ಕೊತ್ತಂಬರಿ, ತೆಂಗಿನಕಾಯಿ, ಹುಣಸೆ, ಬೆಲ್ಲಗಳನ್ನು ರುಬ್ಬಿದಳು. ಎಲೆಗಳ ನಾರನ್ನು ಸೀಳಿ, ಬೆನ್ನಿನ ಕಡೆಗೆ ಹಿಟ್ಟು ಸವರಿ, ಒಂದರ ಮೇಲೊಂದನ್ನಿಟ್ಟು ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸಿದಳು. ಅಮೋನಿಯಾವು ನೈಟ್ರೈಟಾಗಿ, ನೈಟ್ರೇಟಾಗಿ, ಕೆಸುವಾಗಿ, ಪತ್ರೊಡೆಯಾಗಿ ತೊಟ್ಟಿಯನ್ನು ಶಾಶ್ವತವಾಗಿ ಬಿಟ್ಟುಹೋಗುವ ಪರಿಯನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಪ್ರತ್ಯಕ್ಷವಾಗಿ ಕಂಡೆನು. ಹುಳಿ ಕಡಮೆಯಾದ ಒಂದು ದಿನ ಮಾತ್ರ ಗಂಟಲು ಕೆರೆದು, ನನ್ನ ಉಪನ್ಯಾಸವು ಸಂಜೆಯವರೆಗೆ ನಿಂತಿತ್ತು. ಅದರಿಂದ ಮನೆಯಲ್ಲಿ ಯಾರಿಗೂ ತೊಂದರೆಯಾದಂತೆ ಕಾಣಲಿಲ್ಲ.

ಕಳೆದ ಭಾನುವಾರ ಬಕೆಟ್ಟುವಾದಿಗಳನ್ನು ಕರೆದು, ಬಾಳೆಲೆಯ ಮೇಲೆ ಬಿಸಿಬಿಸಿಯಾದ ತುಂಡುಗಳನ್ನು ಬಡಿಸಿ, ಮೇಲಿನ ವಾದವನ್ನೆಲ್ಲ ಮನುವಿನಿಂದ ಆರಂಭಿಸಿ ನಿವೇದಿಸಿದೆನು. ಅವರು ನಾಲ್ಕನ್ನು ಮುಗಿಸಿ, ಐದನೆಯದಕ್ಕೆ ಕೈಚಾಚುತ್ತ, "ಎಲ್ಲ ಸರಿ ಸ್ವಾಮಿ, ತೊಟ್ಟಿ ತೊಳೆದು ಎಷ್ಟು ದಿನ ಆಯಿತು?" ಎಂದು ಕೇಳಿದರು.